ಹಳ್ಳಿಯ ಔಷಧ ಅಂಗಡಿ: ಲೈಂಗಿಕ ಆರೋಗ್ಯದ ಮೊದಲ ಬಾಗಿಲು ನಮ್ಮ ಭಾಷೆಯಲ್ಲಿ ತೆರೆಯಲಿ

ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರ ತಾಲೂಕುಗಳ ಕನ್ನಡ ಹಳ್ಳಿಗಳಲ್ಲಿ ಮೈಗೆ ಹುಷಾರಿಲ್ಲದವರು ಮೊದಲು ಹತ್ತುವ ಮೆಟ್ಟಿಲು ಆಸ್ಪತ್ರೆಯದಲ್ಲ. ‘ಮೆಡಿಕಲ್’ ಎಂದು ನಾವೆಲ್ಲ ಕರೆಯುವ ಔಷಧ ಅಂಗಡಿಯದು. ಜ್ವರ, ಕೆಮ್ಮು, ಹೊಟ್ಟೆನೋವಿನ ವಿಷಯದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಬಾಯಿಬಿಟ್ಟು ಹೇಳಲಾಗದ ಕಾಯಿಲೆಗಳ ವಿಷಯದಲ್ಲಂತೂ ಇದು ಇನ್ನೂ ನಿಜ. ಮುಟ್ಟು ತಪ್ಪಿದಾಗ, ಬಿಳಿಸೆರಗು ಹೆಚ್ಚಾದಾಗ, ಮೂತ್ರಕ್ಕೆ ಹೋದರೆ ಉರಿ ಬರುವಾಗ, ತೊಡೆಸಂದಿಯಲ್ಲಿ ಹುಣ್ಣಾದಾಗ ನಮ್ಮ ಜನ ವೈದ್ಯರ ಮುಂದೆ ಕೂರುವುದಕ್ಕಿಂತ ಮೊದಲು ಔಷಧ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲುತ್ತಾರೆ.

ಅಲ್ಲಿ ಏನು ಸಿಗುತ್ತದೆ ಎಂಬುದೇ ಪ್ರಶ್ನೆ. ಸರಿಯಾದ ಮಾಹಿತಿ ಸಿಕ್ಕರೆ ಒಂದು ಕುಟುಂಬ ಉಳಿಯುತ್ತದೆ. ಹೆಸರಿಲ್ಲದ ನಾಲ್ಕು ಗುಳಿಗೆ ಸಿಕ್ಕರೆ ರೋಗ ಒಳಗೊಳಗೇ ಬೆಳೆಯುತ್ತದೆ. ಗಡಿಭಾಗದ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ, ಪಾಲಕರ ಸಭೆಗಳಲ್ಲಿ ನಿತ್ಯ ಕುಟುಂಬಗಳನ್ನು ಕಾಣುವ ನಾವು ಈ ಲೇಖನದಲ್ಲಿ ಹೇಳಬಯಸುವುದು ಒಂದೇ ಮಾತು: ಹಳ್ಳಿಯ ಔಷಧ ಅಂಗಡಿ ಲೈಂಗಿಕ ಆರೋಗ್ಯದಲ್ಲಿ ಇಂದಿಗಿಂತ ಹೆಚ್ಚಿನ ಕೆಲಸ ಮಾಡಬಲ್ಲದು, ಅದರಲ್ಲಿ ಬಹುಪಾಲನ್ನು ಈಗಿರುವ ಕಾನೂನಿನೊಳಗೇ ಮಾಡಬಲ್ಲದು, ಆದರೆ ಆ ಕೆಲಸ ಜನರ ಭಾಷೆಯಲ್ಲಿ ನಡೆಯಬೇಕು.

ಔಷಧ ಅಂಗಡಿಯೇ ಏಕೆ?

ಆರೋಗ್ಯ ಕೇಂದ್ರ ಮಧ್ಯಾಹ್ನದ ಹೊತ್ತಿಗೆ ಮುಚ್ಚಿದರೂ ಔಷಧ ಅಂಗಡಿ ರಾತ್ರಿಯವರೆಗೆ ತೆರೆದಿರುತ್ತದೆ. ಅಲ್ಲಿ ಕೇಸ್ ಪೇಪರ್ ಮಾಡಿಸಬೇಕಿಲ್ಲ, ಸಾಲಿನಲ್ಲಿ ನಿಂತು ಊರವರ ಕಣ್ಣಿಗೆ ಬೀಳಬೇಕಿಲ್ಲ, ಕೂಲಿ ಬಿಡಬೇಕಿಲ್ಲ. ಮಳೆ ಕಡಿಮೆಯಾದ ಈ ತಾಲೂಕುಗಳಿಂದ ಸಾವಿರಾರು ಜನ ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯಲು ಹೊರಟು ಬೇಸಿಗೆಯ ಹೊತ್ತಿಗೆ ಮರಳುತ್ತಾರೆ. ಆ ತಿಂಗಳುಗಳಲ್ಲಿ ಊರಿನ ಆಶಾ ಕಾರ್ಯಕರ್ತೆ ಅವರಿಗೆ ಸಿಗುವುದಿಲ್ಲ; ಕಬ್ಬಿನ ಗದ್ದೆಯ ಹತ್ತಿರದ ನಾಕಾದಲ್ಲಿ ಒಂದು ಮೆಡಿಕಲ್ ಮಾತ್ರ ಇರುತ್ತದೆ. ಹೀಗಾಗಿ ಔಷಧ ಅಂಗಡಿಯನ್ನು ಬಿಟ್ಟು ಗ್ರಾಮೀಣ ಲೈಂಗಿಕ ಆರೋಗ್ಯವನ್ನು ಯೋಚಿಸುವುದು ಸಾಧ್ಯವಿಲ್ಲ.

ಅಂಗಡಿಯನ್ನು ಸಾರ್ವಜನಿಕ ಆರೋಗ್ಯದ ಕೆಲಸಕ್ಕೆ ಜೋಡಿಸುವುದು ಹೊಸ ಮಾತೂ ಅಲ್ಲ. 2018ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಕ್ಷಯರೋಗದ ಔಷಧ ಕೊಳ್ಳುವವರ ಮಾಹಿತಿಯನ್ನು ಔಷಧ ವ್ಯಾಪಾರಿಗಳೂ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕ್ಷಯಕ್ಕೆ ಸಾಧ್ಯವಾದ ಸಹಭಾಗಿತ್ವ, ಗೌಪ್ಯತೆಯ ಕಟ್ಟುಪಾಡಿನೊಂದಿಗೆ, ಲೈಂಗಿಕ ಆರೋಗ್ಯಕ್ಕೂ ಏಕೆ ಸಾಧ್ಯವಾಗಬಾರದು?

ಕಾನೂನಿನಲ್ಲಿ ಫಾರ್ಮಸಿಸ್ಟನ ಸ್ಥಾನ

ಔಷಧ ಅಂಗಡಿಯನ್ನು ಕಿರಾಣಿ ಅಂಗಡಿಯಂತೆ ಕಾಣುವ ರೂಢಿ ನಮ್ಮಲ್ಲಿದೆ. ಕಾನೂನು ಹಾಗೆ ಕಾಣುವುದಿಲ್ಲ. 1948ರ ಫಾರ್ಮಸಿ ಕಾಯ್ದೆಯಂತೆ ವೈದ್ಯರ ಚೀಟಿಯ ಔಷಧವನ್ನು ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರು. 2015ರ ಫಾರ್ಮಸಿ ವೃತ್ತಿ ನಿಯಮಾವಳಿ ಒಂದು ಹೆಜ್ಜೆ ಮುಂದೆ ಹೋಗಿ, ಔಷಧವನ್ನು ಹೇಗೆ ತೆಗೆದುಕೊಳ್ಳಬೇಕು, ಯಾವುದರೊಂದಿಗೆ ತೆಗೆದುಕೊಳ್ಳಬಾರದು, ಏನು ತೊಂದರೆಯಾಗಬಹುದು ಎಂದು ರೋಗಿಗೆ ತಿಳಿಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯವನ್ನಾಗಿ ಮಾಡಿದೆ. ಅಂದರೆ ಸಲಹೆ ಕೇಳುವುದು ಗ್ರಾಹಕರ ಹಕ್ಕು. ಅಂಗಡಿಯವರು ಮಾಡುವ ಉಪಕಾರವಲ್ಲ.

ಇನ್ನೊಂದು ಕಡೆ ಮಿತಿಯೂ ಸ್ಪಷ್ಟವಿದೆ. ರೋಗ ಇಂಥದೆಂದು ನಿರ್ಣಯಿಸುವುದು, ಷೆಡ್ಯೂಲ್ ಎಚ್ ಪಟ್ಟಿಯ ಔಷಧಗಳನ್ನು ಚೀಟಿಯಿಲ್ಲದೆ ಕೊಡುವುದು ಫಾರ್ಮಸಿಸ್ಟರ ಕೆಲಸವಲ್ಲ. ಆ್ಯಂಟಿಬಯಾಟಿಕ್‌ಗಳು ಈ ಗುಂಪಿಗೆ ಸೇರಿದವು. ಅಕ್ಷರ ಬಾರದವರೂ ಇವನ್ನು ಗುರುತಿಸಲು ಒಂದು ಉಪಾಯವಿದೆ: ಗುಳಿಗೆಯ ಪಟ್ಟಿಯ ಎಡಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ನುಂಗಬಾರದು. ಈ ಗೆರೆಗೆ ಮರಾಠಿ, ಕನ್ನಡ ಎಂಬ ಭೇದವಿಲ್ಲ. ಐದನೆಯ ತರಗತಿಯ ಮಗುವಿಗೂ ಇದನ್ನು ಕಲಿಸಬಹುದು.

ಆದ್ದರಿಂದ ಔಷಧ ಅಂಗಡಿಯ ಪಾತ್ರವನ್ನು ಹಿಗ್ಗಿಸಬೇಕು ಎಂದಾಗ ಚೀಟಿಯಿಲ್ಲದೆ ಎಲ್ಲವನ್ನೂ ಮಾರಲಿ ಎಂದು ನಾವು ಹೇಳುತ್ತಿಲ್ಲ. ಕೊಡಬಹುದಾದುದನ್ನು ನಾಚಿಕೆಪಡಿಸದೆ ಕೊಡುವುದು, ಕೊಡಬಾರದುದನ್ನು ಕೊಡದೆ ಸರಿಯಾದ ಜಾಗಕ್ಕೆ ಕಳಿಸುವುದು, ಎರಡನ್ನೂ ತಿಳಿಯುವ ಮಾತಿನಲ್ಲಿ ಮಾಡುವುದು: ನಾವು ಬಯಸುವುದು ಇಷ್ಟು.

ಗರ್ಭನಿರೋಧ: ಎರಡು ಗುಳಿಗೆಗಳ ಗೊಂದಲ

ಗರ್ಭನಿರೋಧದ ಸಾಧನಗಳು ನಮ್ಮಿಂದ ದೂರದಲ್ಲಿಲ್ಲ. ಸರ್ಕಾರ ‘ನಿರೋಧ’ವನ್ನು 1968ರಲ್ಲಿಯೇ ಜನರ ಮುಂದಿಟ್ಟಿತು. ಸಾರ್ವಜನಿಕ ವಲಯದ ಎಚ್‌ಎಲ್‌ಎಲ್ ಲೈಫ್‌ಕೇರ್ ಸಂಸ್ಥೆಯ ಕಾರ್ಖಾನೆಯೊಂದು ನಮ್ಮ ಗಡಿಗೆ ಅಂಟಿಕೊಂಡಂತೆ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿಯೇ ಇದೆ. 2011ರಲ್ಲಿ ಆರಂಭವಾದ ಮನೆಬಾಗಿಲಿಗೆ ತಲುಪಿಸುವ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮೂರು ನಿರೋಧಗಳ ಪೊಟ್ಟಣವನ್ನು 1 ರೂಪಾಯಿಗೆ, ಒಂದು ತಿಂಗಳ ನುಂಗುವ ಗುಳಿಗೆಯನ್ನು 1 ರೂಪಾಯಿಗೆ, ತುರ್ತು ಗುಳಿಗೆಯನ್ನು 2 ರೂಪಾಯಿಗೆ ಕೊಡುವ ವ್ಯವಸ್ಥೆ ಬಂತು. 2017ರಿಂದ ಸರ್ಕಾರಿ ಕೇಂದ್ರಗಳಲ್ಲಿ ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ‘ಅಂತರಾ’ ಸೂಜಿಯೂ, ‘ಛಾಯಾ’ ಎಂಬ ಗುಳಿಗೆಯೂ ಉಚಿತವಾಗಿ ಸಿಗುತ್ತವೆ. ಛಾಯಾವನ್ನು ಮೊದಲ ಮೂರು ತಿಂಗಳು ವಾರಕ್ಕೆರಡು ಬಾರಿ, ಆಮೇಲೆ ವಾರಕ್ಕೊಮ್ಮೆ ನುಂಗಬೇಕು. ಕಬ್ಬಿಗೆ ಹೋಗುವ ಹೆಣ್ಣುಮಕ್ಕಳು ಹೊರಡುವ ಮುನ್ನವೇ ಈ ಎರಡರ ಬಗ್ಗೆ ಕೇಳಿ ತಿಳಿಯಬಹುದು.

ಗೊಂದಲವಿರುವುದು ತುರ್ತು ಗುಳಿಗೆಯ ವಿಷಯದಲ್ಲಿ. ಲೆವೊನಾರ್ಜೆಸ್ಟ್ರೆಲ್ ಎಂಬ ಈ ಔಷಧವನ್ನು 2005ರಿಂದ ನಮ್ಮ ದೇಶದಲ್ಲಿ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದು. ರಕ್ಷಣೆಯಿಲ್ಲದ ಸಂಪರ್ಕವಾದ 72 ಗಂಟೆಯೊಳಗೆ 1.5 ಮಿಲಿಗ್ರಾಮಿನ ಒಂದು ಗುಳಿಗೆ ನುಂಗಬೇಕು. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಅದು ಮುಖ್ಯವಾಗಿ ಅಂಡ ಬಿಡುಗಡೆಯಾಗುವುದನ್ನು ಮುಂದಕ್ಕೆ ಹಾಕುತ್ತದೆ. ಈಗಾಗಲೇ ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ, ಗರ್ಭಕ್ಕೆ ಕೇಡನ್ನೂ ಮಾಡುವುದಿಲ್ಲ.

ಗರ್ಭಪಾತದ ಗುಳಿಗೆಗಳು ಬೇರೆಯೇ ಆದ ಔಷಧ. ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಎಂಬ ಇವೆರಡನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಗರ್ಭ ಎಷ್ಟು ವಾರದ್ದು, ಗರ್ಭಕೋಶದೊಳಗೇ ನಿಂತಿದೆಯೋ ನಾಳದಲ್ಲಿ ನಿಂತಿದೆಯೋ ಎಂದು ನೋಡದೆ ಇವನ್ನು ನುಂಗಿದರೆ ಪ್ರಾಣಕ್ಕೇ ಸಂಚಕಾರ. ‘ಮುಟ್ಟು ಬರುವ ಗುಳಿಗೆ ಕೊಡ್ರಿ’ ಎಂಬ ಒಂದೇ ಮಾತಿಗೆ ಈ ಎರಡರಲ್ಲಿ ಯಾವುದು ಕೈಗೆ ಬರುತ್ತದೆ ಎಂಬುದರ ಮೇಲೆ ಒಬ್ಬ ಹೆಣ್ಣುಮಗಳ ಜೀವ ನಿಂತಿರುತ್ತದೆ. ಇಲ್ಲಿ ಫಾರ್ಮಸಿಸ್ಟರು ಕೇಳಬೇಕಾದುದು ನಾಲ್ಕೇ ಪ್ರಶ್ನೆಗಳನ್ನು. ಸಂಪರ್ಕವಾಗಿ ಎಷ್ಟು ಹೊತ್ತಾಯಿತು? ಕೊನೆಯ ಮುಟ್ಟು ಯಾವಾಗ ಬಂದಿತ್ತು? ಕ್ಷಯಕ್ಕೆ ಅಥವಾ ಮೂರ್ಛೆರೋಗಕ್ಕೆ ಔಷಧ ನಡೆದಿದೆಯೇ? ಹೊಟ್ಟೆಯಲ್ಲಿ ತೀವ್ರ ನೋವಿದೆಯೇ? ಕ್ಷಯದ ರಿಫಾಂಪಿಸಿನ್ ಹಾಗೂ ಮೂರ್ಛೆರೋಗದ ಕೆಲವು ಔಷಧಗಳು ತುರ್ತು ಗುಳಿಗೆಯ ಶಕ್ತಿಯನ್ನು ಕುಂದಿಸುತ್ತವೆ. ಆದ್ದರಿಂದ ಮೂರನೆಯ ಪ್ರಶ್ನೆ ಅಧಿಕಪ್ರಸಂಗವಲ್ಲ.

ಮನೆಯವರು ನೆನಪಿಡಬೇಕಾದುದೂ ಇದೆ. ತುರ್ತು ಗುಳಿಗೆ ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಬೇಕಾಗುತ್ತದೆ. ಮುಂದಿನ ಮುಟ್ಟು ಕೆಲವು ದಿನ ಹಿಂದುಮುಂದಾಗಬಹುದು. ಒಂದು ವಾರಕ್ಕಿಂತ ತಡವಾದರೆ ಗರ್ಭಪರೀಕ್ಷೆ ಮಾಡಿಸಬೇಕು. ಇದು ದಿನನಿತ್ಯದ ಗರ್ಭನಿರೋಧವಲ್ಲ, ಸೋಂಕನ್ನಂತೂ ತಡೆಯುವುದಿಲ್ಲ. ಗರ್ಭಪಾತದ ಗುಳಿಗೆಯ ನಂತರ ಗಂಟೆಗೆ ಎರಡು ಪ್ಯಾಡು ತೋಯುವಷ್ಟು ರಕ್ತ ಎರಡು ಗಂಟೆ ಸತತವಾಗಿ ಹೋದರೆ, ಜ್ವರ ಬಂದರೆ, ತಡೆಯಲಾರದ ನೋವಾದರೆ ತಡಮಾಡದೆ ಗ್ರಾಮೀಣ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ನಡೆದುದನ್ನು ಮುಚ್ಚಿಡದೆ ಹೇಳಬೇಕು.

ಇಂಥ ಮಾಹಿತಿ ಎಲ್ಲ ಗಡಿಗಳಲ್ಲಿಯೂ ಒಂದೇ ಬಗೆಯಲ್ಲಿ ಸಿಗುವುದಿಲ್ಲ. ತಮಿಳುನಾಡಿನ ಅನೇಕ ಔಷಧ ಅಂಗಡಿಗಳಲ್ಲಿ ತುರ್ತು ಗುಳಿಗೆಯನ್ನು ಇಡುವುದೇ ಇಲ್ಲವೆಂದು ವರ್ಷಗಳಿಂದ ವರದಿಯಾಗುತ್ತಿದೆ. ಹೊಸೂರು, ತಾಳವಾಡಿಯ ನಮ್ಮ ಬಂಧುಗಳಿಗೆ ಇದರ ಅನುಭವವಿರಬಹುದು. ಇಡೀ ದೇಶಕ್ಕೆ ಕಾನೂನು ಒಂದೇ ಆಗಿದ್ದರೂ ಅಂಗಡಿಯ ಕಪಾಟು ಬೇರೆಯಾಗಿರುತ್ತದೆ.

ಗುಪ್ತರೋಗ ಎಂಬ ಹೆಸರೇ ರೋಗವಾದಾಗ

ಲೈಂಗಿಕ ಸೋಂಕುಗಳನ್ನು ‘ಗುಪ್ತರೋಗ’ ಎಂದು ಕರೆಯುತ್ತ ನಾವು ಅವನ್ನು ಗುಪ್ತವಾಗಿಯೇ ಇರಿಸಿದ್ದೇವೆ. ಅಂಗಡಿಗೆ ಹೋಗಿ ಉರಿಗೆ ಎರಡು ಗುಳಿಗೆ, ತುರಿಕೆಗೆ ಒಂದು ಮುಲಾಮು ತರುವುದು ರೂಢಿ. ಅರ್ಧ ಪ್ರಮಾಣದ ಆ್ಯಂಟಿಬಯಾಟಿಕ್ ನುಂಗಿದರೆ ಲಕ್ಷಣ ಅಡಗುತ್ತದೆ, ಸೋಂಕು ಉಳಿಯುತ್ತದೆ, ಸಂಗಾತಿಗೂ ಹರಡುತ್ತದೆ. ಗೊನೋರಿಯಾದ ರೋಗಾಣು ಒಂದರ ಹಿಂದೊಂದರಂತೆ ಔಷಧಗಳನ್ನು ಸೋಲಿಸುತ್ತ ಬಂದಿರುವುದಕ್ಕೆ ಇಂಥ ಅರೆಬರೆ ಚಿಕಿತ್ಸೆಯೂ ಕಾರಣ. ತೊಡೆಸಂದಿಯ ಗಜಕರ್ಣಕ್ಕೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಮೊದಲ ವಾರ ತುರಿಕೆ ನಿಲ್ಲುತ್ತದೆ. ಆಮೇಲೆ ಅದೇ ಹುಣ್ಣು ಮೈಯೆಲ್ಲ ಹಬ್ಬುತ್ತದೆ, ಮನೆಮಂದಿಗೆಲ್ಲ ತಗಲುತ್ತದೆ. ಇದನ್ನು ಕಂಡೇ 2018ರಲ್ಲಿ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ತರಲಾಯಿತು.

ಸರಿಯಾದ ದಾರಿ ಸುಲಭವಾಗಿಯೇ ಇದೆ. ಅದು ಜನರಿಗೆ ಗೊತ್ತಿಲ್ಲ ಅಷ್ಟೇ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ಗಳಿವೆ. ಲೈಂಗಿಕ ಸೋಂಕುಗಳಿಗೆ ಬಣ್ಣಬಣ್ಣದ ಏಳು ಬಗೆಯ ಔಷಧ ಕಿಟ್‌ಗಳು ಸರ್ಕಾರದಿಂದ ಉಚಿತವಾಗಿ ಸಿಗುತ್ತವೆ. ಯಾವ ಲಕ್ಷಣಕ್ಕೆ ಯಾವ ಬಣ್ಣ ಎಂದು ನಿಗದಿಯಾಗಿದೆ: ಮೂತ್ರನಾಳದ ಸ್ರಾವಕ್ಕೆ ಬೂದು, ಬಿಳಿಸೆರಗಿನ ತೊಂದರೆಗೆ ಹಸಿರು, ಹೀಗೆ. ಜೊತೆಗಾರರಿಗೂ ಚಿಕಿತ್ಸೆ ಕೊಡುವುದು ಈ ಪದ್ಧತಿಯ ಮುಖ್ಯ ಅಂಗ. ಗರ್ಭಿಣಿಯರಿಗೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಯನ್ನು ಸರ್ಕಾರಿ ಕೇಂದ್ರಗಳಲ್ಲಿ ಹಣವಿಲ್ಲದೆ ಮಾಡುತ್ತಾರೆ. ಸಿಫಿಲಿಸ್ ಇದ್ದರೆ ಪೆನಿಸಿಲಿನ್ ಸೂಜಿ ತಾಯಿಯನ್ನೂ ಮಗುವನ್ನೂ ಉಳಿಸುತ್ತದೆ. ಎಚ್‌ಐವಿ ಚಿಕಿತ್ಸೆ 2004ರ ಏಪ್ರಿಲ್‌ನಿಂದ ಉಚಿತವಾಗಿದೆ. ದಿನವೂ ಔಷಧ ತೆಗೆದುಕೊಂಡು, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕಿಳಿದು ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದು ಈಗ ಸ್ಥಾಪಿತವಾದ ವಿಷಯ.

ಔಷಧ ಅಂಗಡಿಯವರು ಇಲ್ಲಿ ಮಾಡಬಹುದಾದುದು ಒಂದು ಚಿಕ್ಕ ಕೆಲಸ: ಗುಳಿಗೆಯ ಬದಲು ಒಂದು ಚೀಟಿ ಕೊಡುವುದು. ‘ಈ ವಾರ, ಇಷ್ಟು ಹೊತ್ತಿಗೆ, ಈ ಆಸ್ಪತ್ರೆಯ ಈ ಕೋಣೆಗೆ ಹೋಗಿರಿ, ಹಣ ಬೇಕಿಲ್ಲ’ ಎಂದು ಕನ್ನಡದಲ್ಲಿ ಮುದ್ರಿಸಿದ ಚೀಟಿ. ಮಾರಾಟವಿಲ್ಲದ ಈ ಕೆಲಸಕ್ಕೆ ವ್ಯಾಪಾರಿ ಏಕೆ ಒಪ್ಪಬೇಕು ಎಂಬ ಪ್ರಶ್ನೆ ನ್ಯಾಯವಾದುದೇ. ಕ್ಷಯರೋಗದ ಮಾಹಿತಿ ಕೊಟ್ಟವರಿಗೆ ಸರ್ಕಾರ 500 ರೂಪಾಯಿ ಪ್ರೋತ್ಸಾಹಧನ ಕೊಡುವ ಪದ್ಧತಿ ಇದೆ. ಹೆಸರು ಬರೆಯದೆ, ಚೀಟಿಯ ಸಂಖ್ಯೆಯನ್ನಷ್ಟೇ ನೋಡಿ ಇಲ್ಲಿಯೂ ಅಂಥದೊಂದು ಗೌರವಧನ ಕೊಡಬಹುದು.

ಹಾನಿ ತಗ್ಗಿಸುವ ದಾರಿ

‘ಹಾನಿ ತಗ್ಗಿಸುವುದು’ ಎಂಬ ವಿಚಾರ ನಮ್ಮ ಕುಟುಂಬಗಳಿಗೆ ಹೊಸದು. ಅದರ ತಿರುಳು ಇಷ್ಟೇ: ಒಬ್ಬರು ಅಪಾಯದ ದಾರಿಯಲ್ಲಿ ಇದ್ದಾರೆ, ಅವರನ್ನು ಇಂದೇ ಆ ದಾರಿಯಿಂದ ಹೊರತರಲಾಗದಿದ್ದರೆ, ಕನಿಷ್ಠ ಅವರು ಸಾಯದಂತೆ, ಇನ್ನೊಬ್ಬರಿಗೆ ಸೋಂಕು ತಾಗದಂತೆ ನೋಡಿಕೊಳ್ಳುವುದು. ಇದು ಚಟಕ್ಕೆ ಒಪ್ಪಿಗೆಯಲ್ಲ. ಹೆಲ್ಮೆಟ್ ಹಾಕಿಕೊಳ್ಳಿ ಎಂದರೆ ಜೋರಾಗಿ ಗಾಡಿ ಓಡಿಸಿ ಎಂದಂತಾಗುವುದಿಲ್ಲವಷ್ಟೆ.

ಇದು ದೂರದೂರಿನ ಮಾತೆಂದು ಪಾಲಕರು ತಿಳಿಯಬಾರದು. 2025ರ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವಳಾಂಚೇರಿಯಲ್ಲಿ ಮಾದಕ ವಸ್ತುವಿಗೆ ಒಂದೇ ಸೂಜಿ ಹಂಚಿಕೊಂಡ ಗುಂಪಿನ ಹತ್ತು ಜನರಲ್ಲಿ ಎಚ್‌ಐವಿ ಪತ್ತೆಯಾದ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂತು. ಕಾಸರಗೋಡಿನ ನಮ್ಮ ಬಂಧುಗಳಿಗೆ ಅದು ನೆರೆಮನೆಯ ಸುದ್ದಿ. ನೋವಿನ ಗುಳಿಗೆ, ನಿದ್ದೆಯ ಗುಳಿಗೆ, ಕೋಡೀನ್ ಇರುವ ಕೆಮ್ಮಿನ ಔಷಧ ಇವು ಚಟವಾಗುವುದನ್ನು ನಮ್ಮ ಊರುಗಳಲ್ಲಿಯೂ ಕೇಳುತ್ತಿದ್ದೇವೆ.

ಇಲ್ಲಿ ಔಷಧ ಅಂಗಡಿಯ ಪಾತ್ರಕ್ಕೆ ಎರಡು ಮುಖಗಳಿವೆ. ಒಂದು, ತಡೆಯುವುದು. 2014ರಿಂದ ಜಾರಿಯಲ್ಲಿರುವ ಷೆಡ್ಯೂಲ್ ಎಚ್1 ಪಟ್ಟಿಯಲ್ಲಿ ಟ್ರಾಮಡಾಲ್, ಕೋಡೀನ್, ಅಲ್ಪ್ರಾಜೊಲಾಮ್ ಮುಂತಾದವು ಸೇರಿವೆ. ಇವನ್ನು ಕೊಟ್ಟಾಗ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಬೇರೆ ದಾಖಲೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಒಂದೇ ಹುಡುಗ ವಾರವಾರ ಬಂದು ಅದೇ ಗುಳಿಗೆ ಕೇಳಿದರೆ ಮೊದಲು ಗೊತ್ತಾಗುವುದು ಅಂಗಡಿಯವರಿಗೆ, ತಂದೆತಾಯಿಗಲ್ಲ.

ಎರಡು, ಕೈಹಿಡಿಯುವುದು. ಫ್ರಾನ್ಸ್ ದೇಶದಲ್ಲಿ 1972ರಿಂದ ಸಿರಿಂಜ್ ಕೊಳ್ಳಲು ವೈದ್ಯರ ಚೀಟಿ ಬೇಕಿತ್ತು. ಏಡ್ಸ್ ಹರಡುವುದನ್ನು ಕಂಡು 1987ರಲ್ಲಿ ಅಲ್ಲಿನ ಸರ್ಕಾರ ಆ ನಿಯಮವನ್ನು ತೆಗೆಯಿತು; ಶುದ್ಧ ಸೂಜಿ ಸಿಗುವ ಮುಖ್ಯ ಜಾಗ ಔಷಧ ಅಂಗಡಿಯೇ ಆಯಿತು. ನಮ್ಮ ದೇಶದಲ್ಲಿ ಶುದ್ಧ ಸೂಜಿ ಕೊಡುವ ಕೆಲಸ, ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಗುಳಿಗೆಯ ಚಿಕಿತ್ಸೆ ಇವು ಸರ್ಕಾರಿ ಕೇಂದ್ರಗಳು ಮತ್ತು ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುತ್ತವೆ. ಅವು ಹೆಚ್ಚಾಗಿ ನಗರಗಳಲ್ಲಿವೆ. ಹಳ್ಳಿಯ ಅಂಗಡಿ ಆ ಕೇಂದ್ರಕ್ಕೆ ದಾರಿ ತೋರಿಸಬಹುದು, ಬಳಸಿದ ಸೂಜಿ ಹಾಕಲು ಗಟ್ಟಿ ಡಬ್ಬ ಇಡಬಹುದು. ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಆ ಡಬ್ಬ ಬೇಕು; ಇಲ್ಲದಿದ್ದರೆ ಆ ಸೂಜಿಗಳು ತಿಪ್ಪೆಗೆ ಬಂದು ಮಕ್ಕಳ ಕಾಲಿಗೆ ಚುಚ್ಚುತ್ತವೆ.

ಅಂಗಡಿಯವರಿಗೆ ಪೊಲೀಸರ ಭಯವಿದೆ ಎಂದು ಕೇಳಿದ್ದೇವೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 22ನೆಯ ಕಲಮು ಈ ಭಯಕ್ಕೆ ಉತ್ತರ ಕೊಡುತ್ತದೆ. ಎಚ್‌ಐವಿ ಹರಡುವ ಅಪಾಯವನ್ನು ತಗ್ಗಿಸಲು ಸರ್ಕಾರದ ಮಾರ್ಗಸೂಚಿಯಂತೆ ನಿರೋಧ, ಶುದ್ಧ ಸೂಜಿ, ಬದಲಿ ಔಷಧ ಚಿಕಿತ್ಸೆ ಒದಗಿಸುವುದು ಅಪರಾಧವಾಗುವುದಿಲ್ಲ. ಅದೇ ಕಾಯ್ದೆಯಂತೆ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಇನ್ನೊಬ್ಬರ ಸೋಂಕಿನ ವಿಷಯವನ್ನು ಬಯಲು ಮಾಡುವಂತಿಲ್ಲ. ಈ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ.

ಅಂಗಡಿಗೆ ಹೋಗುವ ಮಗು, ದುಭಾಷಿಯಾಗುವ ಮಗು

ಈಗ ನಮ್ಮ ಕುಟುಂಬಗಳಿಗೇ ವಿಶೇಷವಾದ ಸಂಗತಿಗೆ ಬರೋಣ. ಗಡಿಭಾಗದ ಅನೇಕ ಮನೆಗಳಲ್ಲಿ ತಾಯಿಗೆ ಕನ್ನಡ ಬಿಟ್ಟು ಬೇರೆ ಮಾತು ಸಲೀಸಲ್ಲ. ಶಾಲೆಗೆ ಹೋಗುವ ಮಗುವಿಗೆ ಮರಾಠಿಯೂ ಬರುತ್ತದೆ, ಇಂಗ್ಲಿಷ್ ಅಕ್ಷರವೂ ಬರುತ್ತದೆ. ಹೀಗಾಗಿ ಖಾಲಿ ಪಟ್ಟಿಯನ್ನು ಕೈಗಿತ್ತು ಮಗುವನ್ನು ಮೆಡಿಕಲ್‌ಗೆ ಕಳಿಸುವುದು, ಇಲ್ಲವೆ ಆಸ್ಪತ್ರೆಗೆ ಜೊತೆಯಲ್ಲಿ ಕರೆದೊಯ್ಯುವುದು ಸಾಮಾನ್ಯವಾಗಿದೆ. ಜ್ವರದ ಔಷಧಕ್ಕೆ ಇದು ನಡೆದೀತು. ತಾಯಿಯ ಬಿಳಿಸೆರಗನ್ನು ಹನ್ನೆರಡು ವರ್ಷದ ಮಗ ಮರಾಠಿಗೆ ತಿರುಗಿಸಿ ಹೇಳಬೇಕಾದಾಗ ತಾಯಿ ಹೇಳುವುದೇ ಇಲ್ಲ. ‘ಸೊಂಟ ನೋವು’ ಎನ್ನುತ್ತಾಳೆ. ಸೊಂಟ ನೋವಿನ ಗುಳಿಗೆ ತೆಗೆದುಕೊಂಡು ಬರುತ್ತಾಳೆ.

ಮಾತಿನ ತೊಡಕು ಚಿಕ್ಕದಲ್ಲ. ನಮ್ಮ ಹೆಣ್ಣುಮಕ್ಕಳು ‘ಬಿಳಿ ಹೊಂಟೈತ್ರಿ’ ಎನ್ನುವುದನ್ನು ಮರಾಠಿಯಲ್ಲಿ ‘ಅಂಗಾವರೂನ್ ಪಾಂಢರಂ ಜಾತಂ’ ಎನ್ನುತ್ತಾರೆ. ‘ಹೊರಗಾಗಿಲ್ಲ’ ಎಂದರೆ ಮುಟ್ಟು ಬಂದಿಲ್ಲ ಎಂಬ ಅರ್ಥ ಹೊರಗಿನಿಂದ ಬಂದ ಯುವ ಫಾರ್ಮಸಿಸ್ಟರಿಗೆ ಹೊಳೆಯದೆ ಹೋಗಬಹುದು. ಜತ್ತ, ಅಕ್ಕಲಕೋಟೆಗಳಲ್ಲಿ ಎಷ್ಟೋ ಮರಾಠಿ ಮನೆಮಾತಿನ ಅಂಗಡಿಯವರು ಚೆನ್ನಾಗಿ ಕನ್ನಡ ಆಡುತ್ತಾರೆ, ‘ಏನವ್ವಾ, ಏನಾಗೇತಿ’ ಎಂದು ಕೇಳುತ್ತಾರೆ. ಅವರಿಗೆ ನಾವು ಋಣಿಗಳು. ಆದರೆ ಒಬ್ಬರ ಒಳ್ಳೆಯತನದ ಮೇಲೆ ಇಡೀ ಸಮುದಾಯದ ಆರೋಗ್ಯ ನಿಲ್ಲಬಾರದು; ಅದಕ್ಕೊಂದು ವ್ಯವಸ್ಥೆ ಬೇಕು.

ಭಾಷೆ ಮತ್ತು ನಂಬಿಕೆಯ ಬೆಲೆ ಏನೆಂಬುದಕ್ಕೆ ನಮ್ಮ ಸಾಂಗಲಿ ಜಿಲ್ಲೆಯೇ ಸಾಕ್ಷಿ. 1992ರಿಂದ ಅಲ್ಲಿ ಕೆಲಸ ಮಾಡುತ್ತಿರುವ ‘ಸಂಗ್ರಾಮ’ ಸಂಸ್ಥೆ ಮತ್ತು ಅದರ ಜೊತೆ ಬೆಳೆದ ‘ವ್ಯಾಂಪ್’ ಒಕ್ಕೂಟದಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರೇ ಒಬ್ಬರಿಗೊಬ್ಬರು ನಿರೋಧ ಹಂಚಿದರು, ತಮ್ಮ ಮಾತಿನಲ್ಲಿ ತಿಳಿಹೇಳಿದರು. ಅವರಲ್ಲಿ ಕನ್ನಡ ಮಾತಾಡುವವರು ಅನೇಕರು. ಕೀಳಾಗಿ ನೋಡದ, ತಮ್ಮ ಭಾಷೆ ಬಲ್ಲ ಕೈಯಿಂದ ಬಂದುದನ್ನು ಜನ ಸ್ವೀಕರಿಸುತ್ತಾರೆ. ಔಷಧ ಅಂಗಡಿಗಳು ಕಲಿಯಬೇಕಾದ ಪಾಠ ಇದೇ.

ಮಕ್ಕಳು ಕೆಡುತ್ತಾರೆಯೇ?

ಇಷ್ಟೆಲ್ಲ ಮಾಹಿತಿ ಅಂಗಡಿಯಲ್ಲಿ ಸಿಕ್ಕರೆ ಹರೆಯದ ಮಕ್ಕಳು ದಾರಿ ತಪ್ಪುವುದಿಲ್ಲವೇ ಎಂದು ಪಾಲಕರು ಕೇಳುತ್ತಾರೆ. ಯುನೆಸ್ಕೋ 2018ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ, ಇಂಥ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಎಂದು ಹೇಳಿದೆ. ಮಕ್ಕಳು ಈಗಲೂ ಕಲಿಯುತ್ತಿದ್ದಾರೆ; ಮೊಬೈಲಿನಿಂದ, ಗೆಳೆಯರಿಂದ, ಅರ್ಧಂಬರ್ಧ ಕಲಿಯುತ್ತಿದ್ದಾರೆ ಅಷ್ಟೆ. 10ರಿಂದ 19 ವರ್ಷದವರಿಗಾಗಿ 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರ ಕ್ಲಿನಿಕ್‌ಗಳಿವೆ. ಅಂಗಡಿಯವರು ಹರೆಯದವರನ್ನು ಗದರಿಸಿ ಅಟ್ಟುವ ಬದಲು ಅಲ್ಲಿಗೆ ಕಳಿಸಬಹುದು.

ಕಾನೂನಿನ ಒಂದು ಮಾತನ್ನು ಪ್ರತಿ ಮನೆಯವರೂ ತಿಳಿದಿರಬೇಕು. 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದುದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ. ಇದಕ್ಕೆ ಹೆದರಿ ಕೆಲವರು ಬಾಲಕಿಯ ಗರ್ಭವನ್ನು ಅಂಗಡಿಯ ಗುಳಿಗೆಯಿಂದ ಮುಚ್ಚಿಹಾಕಲು ನೋಡುತ್ತಾರೆ. ಹಾಗೆ ಮಾಡಬೇಕಾದ ಅಗತ್ಯವಿಲ್ಲ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಪ್ಪಿಗೆಯ ಸಂಬಂಧದಿಂದ ಗರ್ಭಿಣಿಯಾದ ಅಪ್ರಾಪ್ತೆ ಅಥವಾ ಅವಳ ಪಾಲಕರು ಕೇಳಿಕೊಂಡರೆ, ಗರ್ಭಪಾತ ಮಾಡುವ ವೈದ್ಯರು ವರದಿಯಲ್ಲಿ ಅವಳ ಗುರುತನ್ನು ಬಯಲು ಮಾಡಬೇಕಿಲ್ಲ ಎಂದು ಹೇಳಿದೆ. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಆದ್ದರಿಂದ ಇಂಥ ಹೊತ್ತಿನಲ್ಲಿ ಅಂಗಡಿಯ ಮುಂದೆ ನಿಲ್ಲದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಅಂಗಡಿಯವರೂ ಹಾಗೆಯೇ ಹೇಳಬೇಕು.

ನಾವೇನು ಮಾಡಬಹುದು?

ಭಾಷಾ ಅಲ್ಪಸಂಖ್ಯಾತರಿಗಾಗಿ ರಾಜ್ಯಗಳು ಒಪ್ಪಿಕೊಂಡ ರಕ್ಷಣೆಗಳಲ್ಲಿ ಒಂದು ಹೀಗಿದೆ: ಜಿಲ್ಲೆ ಅಥವಾ ತಾಲೂಕಿನ ಜನಸಂಖ್ಯೆಯಲ್ಲಿ ನೂರಕ್ಕೆ 15ರಷ್ಟು ಜನ ಒಂದು ಭಾಷೆ ಆಡುವವರಿದ್ದರೆ ಮುಖ್ಯ ಸೂಚನೆಗಳನ್ನು ಆ ಭಾಷೆಯಲ್ಲಿಯೂ ಪ್ರಕಟಿಸಬೇಕು. ಕೇರಳದಲ್ಲಿ 1969ರ ಅಧಿಕೃತ ಭಾಷಾ ಕಾಯ್ದೆ ಸರ್ಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ಕನ್ನಡಿಗರಿಗೆ ಕೊಟ್ಟಿದೆ. ಶಾಲೆಯ ಮತ್ತು ಕಚೇರಿಯ ಫಲಕಗಳಿಗಾಗಿ ನಾವು ಈ ಹಕ್ಕನ್ನು ಕೇಳುತ್ತ ಬಂದಿದ್ದೇವೆ. ಆರೋಗ್ಯದ ಸೂಚನೆಗಳಿಗೂ ಕೇಳೋಣ.

ಆಡಳಿತದ ಮುಂದೆ ನಮ್ಮ ಬೇಡಿಕೆಗಳು ನಾಲ್ಕು. ಗಡಿ ತಾಲೂಕುಗಳ ಪ್ರತಿ ಔಷಧ ಅಂಗಡಿಯಲ್ಲಿ ಗರ್ಭನಿರೋಧ, ಲೈಂಗಿಕ ಸೋಂಕು, ಸುರಕ್ಷಾ ಕ್ಲಿನಿಕ್ ಕುರಿತು ಕನ್ನಡದ ಫಲಕ ಮತ್ತು ಕರಪತ್ರ ಇರಲಿ. ಫಾರ್ಮಸಿಸ್ಟರಿಗೆ ಆರೋಗ್ಯ ಇಲಾಖೆ ಒಂದು ದಿನದ ತರಬೇತಿ ಕೊಟ್ಟು, ಅದರಲ್ಲಿ ಸ್ಥಳೀಯ ಕನ್ನಡದ ಪದಪಟ್ಟಿಯನ್ನು ಸೇರಿಸಲಿ. ಆಸ್ಪತ್ರೆಗೆ ಕಳಿಸುವ ಚೀಟಿಯ ವ್ಯವಸ್ಥೆ ಬರಲಿ. ಮೂರನೆಯವರ ಕಿವಿಗೆ ಬೀಳದಂತೆ ಮಾತಾಡಲು ಅಂಗಡಿಯಲ್ಲಿ ಒಂದು ಮೂಲೆ, ಸೂಜಿ ಹಾಕಲು ಒಂದು ಡಬ್ಬ ಇರಲಿ.

ಊರಿನ ಮಟ್ಟದಲ್ಲಿ ಕಾಯಬೇಕಾದ ಕಾರಣವಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯವರೆಗೆ ಮುಕ್ತ ನಿಧಿ ಇರುತ್ತದೆ. ಕನ್ನಡ ಕರಪತ್ರ ಮುದ್ರಿಸಲು ಅದರಲ್ಲಿ ಸ್ವಲ್ಪ ಭಾಗ ಸಾಕು. ಪದಪಟ್ಟಿ ಮಾಡಲು ಕನ್ನಡ ಶಾಲೆಯ ಶಿಕ್ಷಕರು, ಆಶಾ ಕಾರ್ಯಕರ್ತೆ, ಊರಿನ ಇಬ್ಬರು ಹಿರಿಯ ಹೆಣ್ಣುಮಕ್ಕಳು ಮತ್ತು ಔಷಧ ಅಂಗಡಿಯವರು ಒಂದು ಸಂಜೆ ಕುಳಿತರೆ ಆಯಿತು.

ಮನೆಯ ಮಟ್ಟದಲ್ಲಿ ಪಾಲಕರಿಗೆ ನಮ್ಮ ವಿನಂತಿ ಇಷ್ಟು. ಗುಳಿಗೆಯ ಹೆಸರನ್ನೂ ಅದು ಯಾವುದಕ್ಕೆ ಎಂಬುದನ್ನೂ ಅಂಗಡಿಯವರಿಂದ ಕೇಳಿ ಕನ್ನಡದಲ್ಲಿ ಬರೆದುಕೊಳ್ಳಿರಿ. ಪಟ್ಟಿಯಿಂದ ಕತ್ತರಿಸಿದ ಹೆಸರಿಲ್ಲದ ಗುಳಿಗೆಗಳನ್ನು ಒಪ್ಪಬೇಡಿರಿ, ಬಿಲ್ಲು ಕೇಳಿರಿ. ಎಚ್‌ಐವಿ ಮತ್ತು ಲೈಂಗಿಕ ಸೋಂಕಿನ ಪ್ರಶ್ನೆಗಳಿಗೆ 1097, ಚಟ ಬಿಡಿಸುವ ಸಲಹೆಗೆ 14446, ಮಕ್ಕಳ ರಕ್ಷಣೆಗೆ 1098 ಉಚಿತ ದೂರವಾಣಿ ಸಂಖ್ಯೆಗಳು. ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿರಿ. ಮತ್ತು ತಾಯಂದಿರ ಕಾಯಿಲೆಯನ್ನು ಮಕ್ಕಳ ಬಾಯಿಂದ ಹೇಳಿಸಬೇಡಿರಿ. ದುಭಾಷಿ ಬೇಕಾದರೆ ಆಶಾ ಅಕ್ಕನನ್ನು, ಶಾಲೆಯ ಅಕ್ಕೋರನ್ನು ಕರೆಯಿರಿ, ಅವರು ಬರುತ್ತಾರೆ. ಮಕ್ಕಳು ಶಾಲೆಯಲ್ಲಿ ಕನ್ನಡ ಓದುವುದು ಬಾಳಿಗೆ ಬೆಳಕಾಗಲೆಂದು. ಅದೇ ಕನ್ನಡದಲ್ಲಿ ಅವರ ತಾಯಿ ತನ್ನ ನೋವನ್ನು ಅಂಗಡಿಯಲ್ಲಿ ಸ್ವತಃ ಹೇಳಿಕೊಂಡು, ಉತ್ತರ ಪಡೆದು ಮನೆಗೆ ಮರಳುವಂತಾದರೆ ಗಡಿನಾಡಿನಲ್ಲಿ ಕನ್ನಡ ಉಳಿದಿದೆ ಎಂದು ನಾವು ಧೈರ್ಯವಾಗಿ ಹೇಳಬಹುದು.